ಟ್ಯೂಬ್ ಇಲ್ಲದ ಟೈರಿಗೆ ಪೌಡರ್

ಅಕ್ಟೋಬರ್ 11, ಶನಿವಾರ

ಟೈರ್ ಇವತ್ತೂ ರಿಮ್ಮಿಗೆ ಕೂರಲಿಲ್ಲ. ಪಂಪ್ ಹೊಡೆದೂ ಹೊಡೆದೂ ಅಂಗೈ ಕೆಂಪು. ಗಾಳಿ ಒಳಗೆ ಹೋದಷ್ಟೂ ಟೈರಿನ ಅಂಚಿನಿಂದ ಪುಸ್ ಅಂತ ಆಚೆ. ಟ್ಯೂಬ್‌ಲೆಸ್, ಪಂಕ್ಚರ್ ತಲೆನೋವೇ ಇಲ್ಲ ಅಂತ ಹೊಗಳಿ ಸೀನಿಯರ್ ಕೊಟ್ಟ ಸೆಕೆಂಡ್‌ಹ್ಯಾಂಡ್ ಸೈಕಲ್. ಹಾಸ್ಟೆಲ್‌ನಿಂದ ಕಾಲೇಜಿಗೆ ಇದೇ ಗತಿ. ರಜಾ ಮುಗಿಯೋಕೆ ಎಂಟು ದಿನ.

ಡಿಸೈಡ್ ಮಾಡಿದೀನಿ. ಟೈರ್ ಕೂತ್ರೆ ವಾಪಸ್ ಹೋಗೋದು. ಕೂರದಿದ್ರೆ ಅಪ್ಪಂಗೆ ಹೇಳಿಬಿಡೋದು — ಎರಡು ಇಂಟರ್ನಲ್ಸ್ ಫೇಲ್, ಕಾಲೇಜು ಬೇಡ. ಸ್ಟುಪಿಡ್ ಅಂತ ಗೊತ್ತು. ಆದ್ರೂ...

12, ಭಾನುವಾರ, ಬೆಳಿಗ್ಗೆ 11

ಅಪ್ಪ ತಾನೇ ಬಂದು ಕೂತ. ಅವನ ಸೈಕಲ್ ರಿಪೇರಿ ಅಂಗಡಿ ಮುಚ್ಚಿ ಮೂರು ವರ್ಷ. ಸಾಮಾನೆಲ್ಲ ಹಿಂದಿನ ವರಾಂಡದಲ್ಲಿ. ಟ್ಯೂಬ್‌ಲೆಸ್ ಅವನ ಕೈಗೆ ಬಂದಿದ್ದು ಇದೇ ಮೊದಲು. ಬಿಚ್ಚಿದ, ಒರೆಸಿದ, ಆಮೇಲೆ ಆ ತಗಡಿನ ಡಬ್ಬಿ ತೆಗೆದ. ಟ್ಯೂಬ್ ಟೈರಿಗೆ ಅಂಟಬಾರದು ಅಂತ ಒಳಗೆಲ್ಲ ಉದುರಿಸ್ತಿದ್ದ ಬಿಳಿ ಪೌಡರ್. ಇಲ್ಲಿ ಟ್ಯೂಬೇ ಇಲ್ಲ. ಅಂಚಿಗೆ ಪೌಡರ್ ತಾಗಿದ್ರೆ ಸೀಲ್ ಆಗಲ್ಲ ಅಂತ ವಿಡಿಯೋದಲ್ಲಿ ಕ್ಲಿಯರ್ ಆಗಿ ಹೇಳಿದಾರೆ.

ಹೇಳಬೇಕಿತ್ತು. ಹೇಳಲಿಲ್ಲ. ಡಬ್ಬಿ ತಳಕ್ಕೆ ಎರಡು ಬೆರಳಲ್ಲಿ ಟಕ್ ಟಕ್ ಅಂತ ಬಡಿದ... ನಾನು ಏಳು ವರ್ಷದವಳು. ಅಂಗಡಿ ಮುಂದೆ ಬೋರಲು ಹಾಕಿದ ಡಬ್ಬದ ಮೇಲೆ. ಅಪ್ಪ ನೀರಿನ ಟಬ್ಬಲ್ಲಿ ಟ್ಯೂಬ್ ಒತ್ತುತ್ತಾ ಬರೋದು, ಗುಳ್ಳೆ ಎದ್ದಲ್ಲಿ ನಾನು ಬೆರಳಿಡೋದು. ಬಂದವರಿಗೆಲ್ಲ ನನ್ನ ತೋರಿಸಿ ನಮ್ಮ ಇನ್‌ಸ್ಪೆಕ್ಟರ್ ಅನ್ನೋನು. ಒಂಬತ್ತನೇ ವಯಸ್ಸಿಗೆ ಹಾಸ್ಟೆಲ್. ಗೇಟಲ್ಲಿ ಹೆಗಲು ತಟ್ಟಿ ಹೋದ. ನೀಲಿ ಯೂನಿಫಾರ್ಮ್ ಮೇಲೆ ಬಿಳಿ ಬೆರಳ ಗುರುತು. ಒಗೆಯೋಕೆ ಹಾಕದೆ ಎರಡು ವಾರ ವಾರ್ಡನ್ ಹತ್ರ ಬೈಸಿಕೊಂಡೆ.

ಟೈರ್ ಕೂರಲಿಲ್ಲ.

15, ಬುಧವಾರ

ಮೂರು ದಿನ ಇದೇ. ಬಿಚ್ಚೋದು, ಪೌಡರ್, ಪಂಪ್, ಪುಸ್. ನಂಗೆ ಒಳಗೊಳಗೇ ಸಮಾಧಾನ — ಥೂ. ಇವತ್ತು ಪಂಪನ್ನ ಗೋಡೆಗೆ ಒರಗಿಸಿ ಮೆತ್ತಗೆ ಅಂದ, "ನನ್ನ ಕೈಚಳಕ ಹೋಯ್ತು ಕಣೆ."



17, ಶುಕ್ರವಾರ, ಸಂಜೆ

ಹೇಳಿದೆ. ಪೌಡರ್ ಇದ್ರೆ ಅಂಚು ಸೀಲೇ ಆಗಲ್ಲ, ಮೊದಲ ದಿನವೇ ಗೊತ್ತಿತ್ತು ಅಂತ. ಮತ್ಯಾಕೆ ಬಾಯಿ ಬಿಡಲಿಲ್ಲ ಅಂದ. ಟೈರ್ ಕೂತ್ರೆ ಹೋಗಬೇಕಲ್ಲ ಅಂದೆ. ಫೇಲ್ ಆಗಿದ್ದೂ ಹೊರಗೆ ಬಿತ್ತು. ಬೈಯಲಿಲ್ಲ. ಡಬ್ಬಿ ಮುಚ್ಚಳ ತಿರುಗಿಸ್ತಾ ಅಂದ,

"ಗುಳ್ಳೆ ಕಂಡಲ್ಲೆಲ್ಲ ಬೆರಳಿಡೋಳು ನೀನು. ನನ್ನ ತಪ್ಪು ಕಂಡಾಗ ಯಾಕೆ ಇಡಲಿಲ್ಲ?"

ಹೋಗ್ಲಿ, ಬಕೆಟ್ ತಾ ಅಂದ.

ಟೈರು, ರಿಮ್ಮು ಎರಡೂ ತೊಳೆದ್ವಿ. ಟೈರಿಗೆ ಆಯ್ತು, ನಿಮ್ಮಿಬ್ಬರ ಸ್ನಾನ ಯಾವಾಗ — ಅಡುಗೆಮನೆಯಿಂದ ಅಮ್ಮ. ಅಂಚಿಗೆ ಸೋಪಿನ ನೀರು ಸವರಿದೆ. ಗಾಳಿ ಜೋರಾಗಿ ನುಗ್ಗಲಿ ಅಂತ ವಾಲ್ವ್ ಒಳಗಿನ ಪಿನ್ ತೆಗೆದೆ. ಆದ್ರೂ ನಮ್ಮ ಪಂಪ್ ಸಾಲದು. ಆಗ ಅಪ್ಪ ಬಟ್ಟೆ ಒಣಹಾಕೋ ಹಗ್ಗ ಬಿಚ್ಚಿಕೊಂಡು ಬಂದ. ಟೈರಿನ ನಡುವಿಗೆ ಸುತ್ತಲೂ ಕಟ್ಟಿ, ಕೋಲು ತೂರಿಸಿ ತಿರುಚಿದ. ನಡು ಒಳಗೆ ಒತ್ತಿದ ಹಾಗೆ ಅಂಚುಗಳು ಎರಡೂ ಕಡೆ ರಿಮ್ಮಿಗೆ ತಾಗಿದ್ವು. ನಾನು ನೋಡಿದ ಯಾವ ವಿಡಿಯೋದಲ್ಲೂ ಇದಿರಲಿಲ್ಲ.

"ಹೊಡಿ ಈಗ."

ಹೊಡೆದೆ. ಗಾಳಿ ಒಳಗೇ ನಿಂತಿತು. ಅಪ್ಪ ಹಗ್ಗ ಸಡಿಲಿಸ್ತಾ ಬಂದ. ಠಪ್. ಇನ್ನೊಂದು ಠಪ್. ಎರಡೂ ಅಂಚು ಕೂತವು. ಸಂದು ಮುಚ್ಚೋ ಹಾಲಿನಂಥ ಸೀಲೆಂಟ್ ಹಾಕಿ, ಪಿನ್ ಕೂರಿಸಿ, ಮತ್ತೆ ಗಾಳಿ. ಅಂಗಡಿ ಕಾಲದ ಹಾಗೆ ಟೈರಿಗೊಂದು ಏಟು ಕೊಟ್ಟ.

19, ಭಾನುವಾರ, ಬೆಳಿಗ್ಗೆ 7.20

ಟೈರ್ ಕಲ್ಲಿನ ಹಾಗಿದೆ. ಚೂರೂ ಇಳಿದಿಲ್ಲ. ಅಪ್ಪ ನನ್ನ ಕಡೆ ನೋಡದೆ ಅಂದ, "ಟೈರ್ ಕೂತಿದೆ ಅಂತ ನೀನು ಹೋಗಬೇಕಿಲ್ಲ. ಅದಕ್ಕೇನು ಗೊತ್ತು? ನೀನು ಹೇಳು."

ಹೋಗ್ತೀನಿ ಅಂದೆ. ಭಯ ಹೋಗಿಲ್ಲ. ಫೇಲಾದ್ರೆ ಫೋನ್ ಮಾಡ್ತೀನಿ ಅಂದೆ.

"ಫೇಲಾಗೋಕ್ ಮುಂಚೆ ಮಾಡು."

ಪೌಡರ್ ಡಬ್ಬಿ ಕೇಳಿ ಇಸ್ಕೊಂಡೆ. ಟ್ಯೂಬೇ ಇಲ್ಲದ ಸೈಕಲ್ಲಿಗೆ ಯಾಕೆ ಅಂತ ನಕ್ಕ. ದಾರೀಲಿ ಚೆಲ್ಲದಿರಲಿ ಅಂತ ಮುಚ್ಚಳ ಬಿಗಿ ಮಾಡಿ ಕೊಟ್ಟು, ಹೆಗಲು ತಟ್ಟಿದ. ಈಗ ಬಸ್ಸಿನ ಮೇಲೆ ಸೈಕಲ್ ಕಟ್ತಿದಾನೆ, ಅದೇ ಹಗ್ಗದಲ್ಲಿ. ನಾನು ಒಳಗೆ ಕಿಟಕಿ ಸೀಟಲ್ಲಿ. ಈಗಷ್ಟೇ ನೋಡಿದೆ, ನನ್ನ ಕಪ್ಪು ಜಾಕೆಟ್ಟಿನ ಹೆಗಲ ಮೇಲೆ ಬಿಳಿ ಬೆರಳ ಗುರುತು.