ಡ್ರಾಯರಿನ ಹಿಡಿ

ರೀ,

ನೀವು ಏಳೋವರೆಗೂ ಕಾದ್ರೆ ಜಗಳ ಆಗುತ್ತೆ, ಅದಕ್ಕೇ ಬರೆದಿಟ್ಟು ಕೆಲಸಕ್ಕೆ ಹೊರಟೆ.

ಚಮಚಗಳೆಲ್ಲ ಬಕೆಟ್ಟಿನಲ್ಲಿವೆ. ಅಡುಗೆಮನೆ ಡ್ರಾಯರು ನೆಲದ ಮೇಲಿದೆ, ಎಡವಬೇಡಿ. ಅದು ಜಾರೋ ಚಾನೆಲ್ಲು ಎಲ್ಲಿ ಅಂತ ಕೇಳಿದ್ರೆ "ಸವೆದು ಬಿದ್ದಿರಬೇಕು" ಅಂದ್ರಲ್ಲ? ನಿನ್ನೆ ಶೆಡ್ಡಿಗೆ ಹೋಗಿ ನೋಡಿದೆ. ನೀವು ಕಟ್ತಿರೋ ಸಿಎನ್‌ಸಿ ಮಷೀನಿನ ಮೇಲೆ ಹಾಯಾಗಿ ಜಾರ್ತಾ ಇದೆ!

ಈ ಡ್ರಾಯರಿನ ಹಿಡಿ ಮುರಿದಾಗ ಏನಂದಿದ್ರಿ? "ಅಂಗಡಿದು ಯಾಕೆ? ಕಂಪ್ಯೂಟರ್ ಹೇಳಿದ ಹಾಗೆ ಮರ ಕೊರೆಯೋ ಮಷೀನು ನಾನೇ ಕಟ್ತೀನಿ, ಮೊದಲು ನಿನ್ನ ಹಿಡಿನೇ ಮಾಡಿಕೊಡ್ತೀನಿ." ಅವತ್ತಿನಿಂದ ಸೌಟಿನ ತುದಿಯಲ್ಲಿ ಮೀಟಿ ಡ್ರಾಯರು ತೆಗೀತಿದ್ದೀನಿ. ಈಗ ಹಿಡಿ ಮಾಡೋ ಮಷೀನು ಡ್ರಾಯರನ್ನೇ ನುಂಗಿತು. ಅತ್ತೆಗೆ ತೋರಿಸಿದೆ. "ಬೆಟ್ಟ ಅಗೆದು ಇಲಿ ಹಿಡಿಯೋರನ್ನ ಕೇಳಿದ್ದೀನಿ. ನನ್ನ ಮಗ ಅಗೆದದ್ದೇ ಬಂತು, ಇಲಿ ಎಲ್ಲಮ್ಮ?" ಅಂದ್ರು.

ತಿಂಡಿ ಆದ್ಮೇಲೆ ಅವರಿಗೆ ಮಾತ್ರೆ ಕೊಡಿ. ನಡುಮನೆವರೆಗೂ ಬಂದಿರೋ ಮರದ ಪುಡಿ ಗುಡಿಸಿ. ಮಿಕ್ಸಿ ಕಡೆ ಕಣ್ಣು ಹಾಕಬೇಡಿ, ಅದರ ಮೋಟಾರು ಅದರೊಳಗೇ ಇರಲಿ.

ಮೇಜಿನ ಮೇಲೆ ಪೊಟ್ಟಣದಲ್ಲಿ ಹೊಸ ಚಾನೆಲ್ಲಿದೆ. ಅದು ಡ್ರಾಯರಿಗೆ, ಮಷೀನಿಗಲ್ಲ. ನಾನು ಬರೋದ್ರೊಳಗೆ ಹಾಕಿರಿ.

ಅದರ ಜೊತೆ ಅಂಗಡಿಯ ಹಿಡಿನೂ ಒಂದು ತಂದಿದ್ದೀನಿ. ಅದನ್ನ ಡ್ರಾಯರಿಗೆ ಹಾಕಿದ್ರೋ, ನನ್ನಂಥ ಕೆಟ್ಟವಳು ಇನ್ನೊಬ್ಬಳಿಲ್ಲ. ಅದಿರೋದು ನೀವು ಮಾಡೋ ಹಿಡಿಗೆ ಅಳತೆ ತಗೊಳ್ಳೋಕೆ.

ಸೌಟು ಇನ್ನೂ ಗಟ್ಟಿಯಾಗೇ ಇದೆ.