ಕ್ಯಾರಿಯರ್ ಮೇಲಿನ ದಿಂಬು

ಟಿ.ಬಿ. ಡ್ಯಾಂ
೧೪ ಮೇ ೨೦೨೫, ಬುಧವಾರ

ಈಶ್ವರ್ ಅವರಿಗೆ,

ಹೆಸರು ಬರೆದೆನೆಂದು ಹುಬ್ಬು ಗಂಟಿಕ್ಕಬೇಡಿ. ಮದುವೆಯಾದಾಗಿನಿಂದ ‘ರೀ’ ಎಂದು ಕರೆದಿದ್ದೇನೆ, ಆಮೇಲೆ ‘ಪಂಪೇಶನ ಅಪ್ಪ’ ಎಂದಿದ್ದೇನೆ. ಇವತ್ತು ಹೇಳುವ ಮಾತಿಗೆ ಹೆಸರೇ ಬೇಕು. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಅಲ್ಲಿ ನೀವು ನನ್ನ ಒಂದು ವಾಕ್ಯವನ್ನೂ ಮುಗಿಸಗೊಡುವುದಿಲ್ಲ. ಕಾಗದಕ್ಕೆ ಆ ತೊಂದರೆ ಇಲ್ಲ. ಸಿಟ್ಟು ಬಂದರೆ ಹರಿದು ಬಿಸಾಕಿ, ಆದರೆ ಪೂರ್ತಿ ಓದಿದ ಮೇಲೆ.

ಸೋಮವಾರ ನೀವು ಫೋನಿನಲ್ಲಿ ಕೂಗಾಡಿದ್ದರ ಸಾರ ಇಷ್ಟು. ನಾನು ಪ್ರತಿ ಭಾನುವಾರ ಮಕ್ಕಳನ್ನು ಸೈಕಲ್ ಮೇಲೆ ಹಿನ್ನೀರಿನ ದಂಡೆಗೆ ಕರೆದೊಯ್ದು ಬಿಸಿಲಿಗೆ ಸುಡುತ್ತಿದ್ದೇನೆ. ಸ್ಫೂರ್ತಿಯ ತೊಡೆಯ ಹಿಂದೆಲ್ಲ ಕೆಂಪು ಗುಳ್ಳೆ ಎದ್ದಿದ್ದನ್ನು ಮದುವೆ ಕಾರ್ಡು ಕೊಡಲು ಬಂದಿದ್ದ ನಿಮ್ಮ ಚಿಕ್ಕಪ್ಪ ಮರುಳಸಿದ್ದಪ್ಪನವರು ಕಣ್ಣಾರೆ ಕಂಡಿದ್ದಾರೆ. ಇದನ್ನು ನಿಲ್ಲಿಸದಿದ್ದರೆ ಬರುವ ಭಾನುವಾರ ನೀವು ಯಶವಂತನಗರದಿಂದ ಬಂದು ಇಬ್ಬರನ್ನೂ ಕರೆದುಕೊಂಡು ಹೋಗಿ ಕಂಪ್ಲಿಯಲ್ಲಿ ನಿಮ್ಮ ತಾಯಿಯ ಹತ್ತಿರ ಬಿಡುತ್ತೀರಿ. ಕೊನೆಗೆ, “ತಾಯಿ ಅಂದ್ರ ಹಿಂಗಿರ್ತಾಳೇನು?” ಎಂದು ಕೇಳಿ ಫೋನ್ ಇಟ್ಟಿರಿ. ಹೌದು, ಹೀಗೇ ಇರುತ್ತಾಳೆ. ಹೇಗೆಂದು ಬರೆಯುತ್ತೇನೆ.

ಭಾನುವಾರ ಆರು ಗಂಟೆಗೆ ನಾವು ಕ್ವಾರ್ಟರ್ಸ್ ಗೇಟು ದಾಟಿರುತ್ತೇವೆ, ಎಂಟೂವರೆಗೆಲ್ಲ ವಾಪಸ್ಸು ಮನೆಯಲ್ಲಿ. ನಿಮ್ಮ ಚಿಕ್ಕಪ್ಪ ಹೇಳಿದ ಆ ಸುಡುಬಿಸಿಲನ್ನು ನನ್ನ ಮಕ್ಕಳು ಕಂಡೇ ಇಲ್ಲ. ಪಂಪೇಶ ತನ್ನ ಸಣ್ಣ ಸೈಕಲ್ಲಿನಲ್ಲಿ ಮುಂದೆ, ನನ್ನ ಕಣ್ಣಿಗೆ ಬೀಳುವ ಹಾಗೆ. ಸ್ಫೂರ್ತಿ ನನ್ನ ಕ್ಯಾರಿಯರ್ ಮೇಲೆ. ಸೈಕಲ್ ಶಾಪಿನ ಹೊನ್ನೂರುಸ್ವಾಮಿಯವರಿಗೆ ಹೇಳಿ ಅವಳ ಬೆನ್ನಿಗೆ ಒಂದು ಆಸರೆ, ಹಿಮ್ಮಡಿ ಚಕ್ರದ ಕಡ್ಡಿಗೆ ಸಿಗದಂತೆ ಎರಡೂ ಕಡೆ ಕಾಲಿಡುವ ತಗಡು ಬೆಸೆಸಿದ್ದೇನೆ. ಅವಳ ತಲೆಗೆ ಟೋಪಿ. ಮರಳುವಾಗ ಎದುರುಗಾಳಿ ಬೀಸಿ ಕಣ್ಣಿಗೆ ಮರಳು ಹಾರುತ್ತದೆ, ಅದಕ್ಕೊಂದು ಒದ್ದೆ ಟವಲು.

ಮರಳು ಶುರುವಾದ ಕೂಡಲೇ ಇಳಿದು ಎರಡೂ ಸೈಕಲ್ಲಿನ ಗಾಳಿ ಸ್ವಲ್ಪ ಬಿಡುತ್ತೇನೆ. ಆಗ ಚಕ್ರ ಹೂತುಕೊಳ್ಳುವುದಿಲ್ಲ, ಮಗುವಿಗೆ ಕುಲುಕಾಟವೂ ಕಡಿಮೆ. ವಾಪಸ್ಸು ರಸ್ತೆಗೆ ಬಂದಾಗ ಪಂಪು ಒತ್ತುವುದು ಪಂಪೇಶನ ಕೆಲಸ. ಹತ್ತು ಸಲ ಒತ್ತಿ ತನ್ನ ತೋಳನ್ನು ತಾನೇ ಮುಟ್ಟಿ ನೋಡಿಕೊಳ್ಳುತ್ತಾನೆ, ದಪ್ಪಗಾಯಿತೇ ಎಂದು. ನೀರಾಡಿ ಬಂದವರನ್ನು ಒದ್ದೆ ಬಟ್ಟೆಯಲ್ಲಿ ಕೂರಿಸುವುದಿಲ್ಲ. ಮರಳು ತೊಳೆದು, ಮೈ ಒರೆಸಿ, ಒಣ ಬಟ್ಟೆ ಹಾಕಿ, ಇಬ್ಬರೂ ಮಂಡಕ್ಕಿ ತಿಂದ ಮೇಲೆಯೇ ಹೊರಡುವುದು. ಈ ಒದ್ದೆ ಬಟ್ಟೆಯ ಪಾಠವನ್ನು ಕಲಿಸಿದ್ದೇ ಆ ಗುಳ್ಳೆಗಳು.

ಅವು ಬಿಸಿಲಿನ ಗುಳ್ಳೆಗಳಲ್ಲ. ಕ್ಯಾರಿಯರ್ ಕಬ್ಬಿಣ ಒತ್ತುತ್ತದೆಂದು ಸ್ಫೂರ್ತಿಗೆ ಒಂದು ದಿಂಬು ಹೊಲಿದದ್ದಾಯಿತು. ಒಳಗೆ ತುಂಬಿದ್ದು ಭತ್ತದ ಹೊಟ್ಟು, ಅದೂ ನಿಮ್ಮ ಚಿಕ್ಕಪ್ಪನವರದೇ ಮಿಲ್ಲಿನದು. ಕಂಪ್ಲಿಯ ಮನೆಯವರಿಗೆ ಏನು ತುಂಬಬೇಕೆಂದರೂ ಮೊದಲು ನೆನಪಾಗುವುದು ಹೊಟ್ಟೇ ತಾನೆ? ಹಗುರ, ಮೆತ್ತಗೆ, ಕೂತರೆ ಚಪ್ಪಟೆಯಾಗುವುದಿಲ್ಲ ಎಂಬ ಲೆಕ್ಕಾಚಾರ. ಆ ದಿನ ಸ್ಫೂರ್ತಿ ಒದ್ದೆ ಚಡ್ಡಿಯಲ್ಲೇ ಅದರ ಮೇಲೆ ಕೂತಳು. ಬಟ್ಟೆ ತೆಳುವಿತ್ತು, ಹೊಟ್ಟಿನ ಮೊನೆಗಳು ಹೊರಗೆ ಬಂದು ದಾರಿಯುದ್ದಕ್ಕೂ ಚುಚ್ಚಿವೆ. “ಅವ್ವಾ, ಕಡೀತೈತಿ” ಎಂದು ಅವಳು ಹೇಳುತ್ತಲೇ ಇದ್ದಳು. ಹಟ ಮಾಡುತ್ತಿದ್ದಾಳೆ ಅಂದುಕೊಂಡು ನಾನು, “ಬಂತು ಬಂತು ಮನಿ” ಎನ್ನುತ್ತ ತುಳಿದೆ. ಮನೆಗೆ ಬಂದು ಅವಳ ತೊಡೆ ನೋಡಿ ಅತ್ತುಬಿಟ್ಟೆ. ಆ ದಿಂಬು ಹೊಲಿದವಳು ನಾನು, ಮಗು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದವಳೂ ನಾನು. ನಾಲ್ಕು ದಿನ ಕೊಬ್ಬರಿ ಎಣ್ಣೆ ಹಚ್ಚಿದೆ, ಹೋಯಿತು. ಈಗ ಹತ್ತಿ ತುಂಬಿದ ದಿಂಬಿದೆ.

ಹೋದ ಗುಳ್ಳೆಯ ಲೆಕ್ಕ ಕೇಳಿದಿರಿ, ಕೊಟ್ಟೆ. ಇನ್ನು ಹೋಗದ ಕಲೆಯ ಮಾತು.

ಪಂಪೇಶನ ಬಲಗಾಲಿನ ಮೀನಖಂಡದ ಮೇಲಿರುವ ಕಲೆ ನಿಮಗೆ ನೆನಪಿರಬೇಕು. ಹೋದ ಶ್ರಾವಣದಲ್ಲಿ ನಾಲ್ವರೂ ನಿಮ್ಮ ಒಂದೇ ಬೈಕಿನಲ್ಲಿ ಹಂಪಿಗೆ ಹೊರಟಿದ್ದೆವು, ಅವನು ಮುಂದೆ ಟ್ಯಾಂಕ್ ಮೇಲೆ. ಕಮಲಾಪುರದ ಹತ್ತಿರ ನಿಮ್ಮ ಫೋನ್ ಬಡಿದುಕೊಂಡಿತು, ಗಾಡಿ ನಿಲ್ಲಿಸಿದಿರಿ. ನಾನು ಸ್ಫೂರ್ತಿಯನ್ನು ಎತ್ತಿಕೊಂಡು ಎಡಕ್ಕೆ ಇಳಿಯುತ್ತಿದ್ದೆ. “ಜಲ್ದಿ ಇಳಿಯಲೇ” ಎಂದು ನೀವು ಅವನನ್ನು ಬಲಕ್ಕೆ, ಸೈಲೆನ್ಸರ್ ಕಡೆಗೆ ಇಳಿಸಿದಿರಿ. ಕಾಲು ಅದಕ್ಕೆ ಅಂಟಿಕೊಂಡಿತು. ಅವನು ಚೀರಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ನೀವು, “ಗಂಡಸಾಗಿ ಅಳ್ತೀ ಏನಲೇ” ಎಂದು ಗದರಿ ಫೋನ್ ಕಿವಿಗಿಟ್ಟುಕೊಂಡಿರಿ. ಊರಿಗೆ ಬಂದ ಮೇಲೆ ಎಲ್ಲರ ಮುಂದೆ, ನಿಮ್ಮ ತಾಯಿಯ ಮುಂದೆ ಕೂಡ, “ಇಕಿ ಹುಡುಗನ್ನ ನೋಡ್ಕೊಳ್ಳಿಲ್ಲ” ಎಂದಿರಿ. ನಾನು ಬಾಯಿ ಬಿಡಲಿಲ್ಲ. ಗಂಡನ ಮರ್ಯಾದೆ ಎಂದುಕೊಂಡೆ. ಆಮೇಲೆ ಅದಕ್ಕೂ ಇದಕ್ಕೂ ಜಗಳವಾಗಿ ನೀವು ಯಶವಂತನಗರದ ಕಂಪನಿ ರೂಮು ಸೇರಿದಿರಿ, ನಾನು ಕಾಲುವೆ ಆಫೀಸಿನ ಕೆಲಸ ಮಾಡಿಕೊಂಡು ಈ ಕ್ವಾರ್ಟರ್ಸ್‌ನಲ್ಲಿ ಮಕ್ಕಳೊಂದಿಗೆ ಉಳಿದೆ. ಒಂಬತ್ತು ತಿಂಗಳು ಸುಮ್ಮನಿದ್ದೆನಲ್ಲ, ನನಗೆ ನನ್ನ ಮೇಲೆಯೇ ಸಿಟ್ಟಿದೆ.

ನಿಮಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಗಾಯ ಒಣಗಿದ ಮೇಲೂ ಆ ಹುಡುಗ ಬೈಕ್ ಸದ್ದು ಕೇಳಿದರೆ ಒಳಗೆ ಓಡಿ ಬಾಗಿಲ ಹಿಂದೆ ನಿಲ್ಲುತ್ತಿದ್ದ. ಯಾರ ಗಾಡಿಯನ್ನೂ ಹತ್ತುತ್ತಿರಲಿಲ್ಲ, ಆಟೋ ಕೂಡ. ಎಂಟು ವರ್ಷದವನು ಶಾಲೆಗೆ ಅಷ್ಟು ದೂರ ನಡೆದೇ ಹೋದ. ಆಗ ಸೈಕಲ್ ತಂದೆ. ಅಂಗಳದಲ್ಲಿ ನಿಲ್ಲಿಸಿ, “ಇದರಾಗ ಬಿಸಿ ಆಗೋದು ಏನೂ ಇಲ್ಲ, ಮುಟ್ಟಿ ನೋಡು” ಎಂದೆ. ಚೈನು, ಪೆಡಲು, ಕಡ್ಡಿ, ಗಂಟೆ, ಒಂದೊಂದನ್ನೂ ಬೆರಳ ತುದಿಯಿಂದ ಮುಟ್ಟಿದ. ಮೂರು ಭಾನುವಾರ ಬರೀ ತಳ್ಳಿಕೊಂಡು ಬಂದ. ನಾಲ್ಕನೆಯ ಭಾನುವಾರ ದಂಡೆಯ ಮರಳಿನಲ್ಲಿ, ಬಿದ್ದರೂ ನೋವಾಗದ ಜಾಗದಲ್ಲಿ, ಹತ್ತಿದ. ಈಗ ಗಂಟೆ ಬಾರಿಸುತ್ತ ನನ್ನನ್ನೇ ಹಿಂದೆ ಹಾಕುತ್ತಾನೆ. ಆಚೆ ದಡ ಕಾಣುವುದಿಲ್ಲವೆಂದು ಇಬ್ಬರೂ ಆ ಹಿನ್ನೀರಿಗೆ ‘ಸಮುದ್ರ’ ಎನ್ನುತ್ತಾರೆ. ನಾನು ತಿದ್ದಲು ಹೋಗಿಲ್ಲ.

ಇಂಥ ಸವಾರಿಯನ್ನು ನಿಲ್ಲಿಸೆಂದು ಹೇಳುತ್ತೀರಿ. ನಿಲ್ಲಿಸುವುದಿಲ್ಲ. ನೀವು ಹೇಳಿದರೂ ಇಲ್ಲ, ಮರುಳಸಿದ್ದಪ್ಪನವರು ನಾಲ್ಕು ಜನರನ್ನು ಕೂರಿಸಿ ಪಂಚಾಯ್ತಿ ಮಾಡಿದರೂ ಇಲ್ಲ. ಮಕ್ಕಳು ನನ್ನ ಹತ್ತಿರವೇ ಇರುತ್ತಾರೆ. ಅವರನ್ನು ನೋಡಲು ಬರುವುದಾದರೆ ಭಾನುವಾರ ಖಂಡಿತ ಬನ್ನಿ. ಆರರೊಳಗೆ ಬಂದರೆ ಮನೆಯಲ್ಲಿ ಸಿಗುತ್ತೇವೆ, ತಡವಾದರೆ ದಂಡೆಯಲ್ಲಿ. ಆದರೆ ಬೈಕನ್ನು ರಸ್ತೆಯಲ್ಲೇ ನಿಲ್ಲಿಸಿ ನಡೆದು ಬನ್ನಿ. ಬಂದವರು ಮೊದಲು ಮಗನ ಕಾಲು ನೋಡಿ, ಅವನಿಗೆ ಹೇಳಬೇಕಾದ ಮಾತೊಂದು ಬಾಕಿ ಇದೆ, ಅದನ್ನು ಹೇಳಿ. ನಿಮ್ಮ ಮೇಲೆ ಪ್ರೀತಿ ಉಳಿದಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಹೆದರಿಕೆ ಮಾತ್ರ ಉಳಿದಿಲ್ಲ.

ಇಂತಿ,
ನಿಮ್ಮ ಮಕ್ಕಳ ತಾಯಿ
ಶೈಲಜಾ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಆ ಹೊಟ್ಟಿನ ದಿಂಬು ಹೊಲಿದವಳು ನಾನಲ್ಲ, ನಿಮ್ಮ ತಾಯಿ. ಗಂಗಾವತಿಗೆ ಮಗಳ ಮನೆಗೆ ಹೋಗುತ್ತೇನೆಂದು ನಿಮಗೆ ಹೇಳಿ ಎರಡು ತಿಂಗಳಿಂದ ಶನಿವಾರ ಶನಿವಾರ ಇಲ್ಲಿಗೇ ಬರುತ್ತಿದ್ದಾರೆ. ಭಾನುವಾರ ನಮಗಿಂತ ಮೊದಲೇ ನಡೆದು ಹೋಗಿ ಜಾಲಿ ಮರದ ಕೆಳಗೆ ಮಂಡಕ್ಕಿ ಹಿಡಿದು ಕೂತಿರುತ್ತಾರೆ. ಮೊಮ್ಮಗಳ ತೊಡೆ ನೋಡಿ ನನಗಿಂತ ಹೆಚ್ಚು ಅತ್ತವರು ಅವರು. ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿಕೊಂಡಿದ್ದರು, ಅದಕ್ಕೇ ಹಾಗೆ ಬರೆದೆ. ಮಕ್ಕಳಿಗೆ ರಜೆಯೆಂದು ಈ ವಾರ ಇಲ್ಲೇ ಇದ್ದಾರೆ. ಈಗ ಪಕ್ಕದಲ್ಲಿ ಕೂತು ಇಡೀ ಕಾಗದ ಓದಿಸಿಕೊಂಡರು. ಸೈಲೆನ್ಸರ್ ಭಾಗವನ್ನು ಎರಡು ಸಲ ಓದಿಸಿದರು. ಆಮೇಲೆ ಪಂಪೇಶನ ಕಾಲು ಸವರುತ್ತ, “ನನ್ನ ತಪ್ಪೂ ನೀನ ಹೊತ್ತಿ, ಅವನ ತಪ್ಪೂ ನೀನ ಹೊತ್ತಿ. ಸಾಕವ್ವಾ, ಎರಡೂ ಇಳಸು” ಎಂದರು. ನಿಮಗೆ ಅವರು ಬರೆಸಿದ್ದು ಇಷ್ಟೇ: “ಭಾನುವಾರ ಮಕ್ಕಳನ್ನ ಕರಕೊಂಡು ಕಂಪ್ಲಿಗೆ ಹೋಗಬ್ಯಾಡ. ಮನಿಗೆ ಬೀಗ ಹಾಕೀನಿ. ನಾ ದಂಡಿಮ್ಯಾಲ ಇರ್ತೀನಿ.”