ಹೊಟ್ಟೆಪಟ್ಟಿಯ ಎರಡು ತೂತು

ಶಿರಸಿ
೬-೨-೧೯೬೨

ಚಿ. ಸೌ. ದೇವಕ್ಕನಿಗೆ ಅಣ್ಣ ವೀರಪ್ಪನ ಆಶೀರ್ವಾದ.

ನಾವೆಲ್ಲ ಇಲ್ಲಿ ಕ್ಷೇಮ. ನೀನು ಅಲ್ಲಿ ಕ್ಷೇಮವಾಗಿಲ್ಲ ಅಂತ ನೀನೇ ಬರೆದಿದ್ದೀ. ಹಾಗಾಗಿ ಮುಂದಿನ ವಾಡಿಕೆಯ ಸಾಲನ್ನು ಬಿಟ್ಟಿದ್ದೇನೆ.

ನಿನ್ನ ಪತ್ರ ನಿನ್ನೆ ಶಾಲೆಗೆ ಬಂತು. ಮೂರನೇ ತಾಸಿನಲ್ಲಿ ಓದಿದೆ. ನಾಲ್ಕನೇ ತಾಸಿನಲ್ಲಿ ಹುಡುಗರಿಗೆ ಏನು ಕಲಿಸಿದೆನೋ ಅವರೇ ಬಲ್ಲರು. ಬರುವ ಸೋಮವಾರ ನಿನ್ನ ಮೈದುನನ ಮದುವೆ. ಆ ಚಪ್ಪರದ ಕೆಳಗೆ ನಿನ್ನ ಕಾಲು ಬೀಳಬಾರದು, ಭಾನುವಾರವೇ ಮಗಳನ್ನು ಕಟ್ಟಿಕೊಂಡು ತವರಿಗೆ ನಡೆ ಅಂತ ನಿನ್ನ ಅತ್ತೆ ಅನ್ನಪೂರ್ಣವ್ವ ಹೇಳಿದ್ದಾರೆ. ಹೋದವಳು ಅಲ್ಲೇ ಇದ್ದರೂ ಅಡ್ಡಿಯಿಲ್ಲ ಅಂತಲೂ ಅಂದರಂತೆ. ಆರು ವರ್ಷದಿಂದ ಮನೆಯಲ್ಲಿ ಯಾರು ಒಳ್ಳೆ ಕೆಲಸಕ್ಕೆ ಹೊರಟರೂ ನೀನು ಹಿತ್ತಲಿಗೆ ಹೋಗಿ ನಿಲ್ಲುತ್ತೀ ಅನ್ನುವುದು ನನಗೆ ಗೊತ್ತಿರಲಿಲ್ಲ. ನೀನು ಬರೆದಿರಲಿಲ್ಲ, ನಾನು ಕೇಳಿರಲಿಲ್ಲ. ಈಗ ಬರೆದದ್ದೂ ದೂರಲಿಕ್ಕಲ್ಲ, ಒಂದೇ ಒಂದು ಪ್ರಶ್ನೆ ಕೇಳಲಿಕ್ಕೆ: ನಮ್ಮ ಮದುವೆಯ ದಿನ ಕುದುರೆ ಹಿಡಿದವ ನೀನು, ಜೀನು ಯಾಕೆ ಜಾರಿತು ಅಣ್ಣಾ?

ಹೇಳುತ್ತೇನೆ. ಆದರೆ ನನ್ನ ಕುದುರೆ ವಿದ್ಯೆಯಿಂದ ಶುರುಮಾಡುತ್ತೇನೆ. ನೆಟ್ಟಗೆ ವಿಷಯಕ್ಕೆ ಬರುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ.

ಅವತ್ತು ಕುದುರೆ ತಂದಿದ್ದ ಕಲ್ಲಯ್ಯನವರು ನೆನಪಿದ್ದಾರಲ್ಲ? ಭಕ್ತರ ಊರೂರಿಗೆ ಕುದುರೆಯ ಮೇಲೇ ಹೋಗುವ ಜಂಗಮರು. ನಿನ್ನ ಮದುವೆಯ ನಂತರ ಅವರ ಕುದುರೆಯನ್ನು ಒಂದು ಮೆರವಣಿಗೆಗೂ ಯಾರೂ ಕರೆದಿಲ್ಲ. ಎರಡು ವರ್ಷದ ಕೆಳಗೆ ಅವರ ಮನೆಗೆ ಹೋಗಿ, ನನಗೆ ಕುದುರೆ ಕಲಿಸಿ ಅಂದೆ. ಪೇಟೆ ತುಂಬ ಮೋಟಾರು ಓಡೂ ಕಾಲದಾಗ ಕುದುರಿ ಯಾಕ್ರೀ ಮಾಸ್ತರ ಅಂದರು. ವ್ಯಾಯಾಮಕ್ಕೆ ಅಂದೆ. ನಕ್ಕು, ಕೈಗೆ ಬುಟ್ಟಿ ಕೊಟ್ಟರು.

ಆರು ತಿಂಗಳು ಏರಗೊಡಲಿಲ್ಲ. ಬೆಳಿಗ್ಗೆ ಲದ್ದಿ ಎತ್ತು. ಎತ್ತುವ ಮೊದಲು ನೋಡು, ಗಟ್ಟಿಯೋ ತೆಳುವೋ, ತಿಂದ ಹುರುಳಿ ಅರಗಿದೆಯೋ ಇಲ್ಲವೋ. ಧಾರವಾಡದಾಗ ಏನೇನೋ ಓದೀರಿ, ಇದನ್ನೂ ಓದ್ರಿ ಅನ್ನುತ್ತಿದ್ದರು. ಬುದ್ಧಿವಂತನಾಗಿ ಹೋದವನು ಲದ್ದಿವಂತನಾದೆ. ಗೊರಸು ಎತ್ತಿ ಹರಳು ಕೆದಕಿ ತೆಗೆಯಬೇಕು. ಹಿಂದಿನಿಂದ ಹಾಯುವಾಗ ಮಾತಾಡಿಸುತ್ತ ಹಾಯಬೇಕು. ಬೆವತು ಬಂದರೆ, ಎದೆ ತಣ್ಣಗಾಗುವ ತನಕ ನಡೆಸಾಡಿ ಆಮೇಲೆ ನೀರು ತೋರಿಸಬೇಕು. ಒಮ್ಮೆ ಅವಸರಕ್ಕೆ ಮೊದಲೇ ನೀರಿಟ್ಟೆ. ಅವತ್ತು ಸಂಜೆಯಿಡೀ ಅವರು ಕುದುರೆಯ ಜೊತೆ ಮಾತಾಡಿದರು, ನನ್ನ ಜೊತೆ ಇಲ್ಲ. ಕಡೆಗೊಂದು ದಿನ ಏರಿಸಿದರು. ಮೂರು ಸಲ ಬಿದ್ದೆ. ಬಿ.ಎ. ಅಂದರ ‘ಬಿದ್ದು ಏಳು’ ಅಂತರೀ ಮಾಸ್ತರ ಅಂದರು. ಮೈ ನೋವಿಗಿಂತ, ಆ ಶ್ಲೇಷೆ ನನಗೇ ಹೊಳೆಯಲಿಲ್ಲವಲ್ಲ ಅನ್ನುವ ನೋವು ಹೆಚ್ಚಾಯಿತು.

ಕುದುರೆ ಯಾವುದು ಗೊತ್ತೇ? ಅದೇ ಗಂಗಿ. ನಿನ್ನ ಗಂಡ ಅಂದಾನಪ್ಪನವರನ್ನು ಕೆಡವಿದ ಹೆಣ್ಣು ಕುದುರೆ. ಹಸುವಿನಷ್ಟು ಸಾಧು. ಅವತ್ತು ಹಿರಿಯರೆಲ್ಲ ಸೇರಿ ಅದರ ಮೈಮೇಲೆ ಕೆಟ್ಟ ಸುಳಿ ಹುಡುಕಿದರು, ಸಿಗಲಿಲ್ಲ. ಆಮೇಲೆ ನಿನ್ನ ಕಾಲಲ್ಲಿ ಗುಣ ಹುಡುಕಿದರು, ಸಿಕ್ಕೇಬಿಟ್ಟಿತು. ಮುರಿದದ್ದು ಅವರ ಕಾಲು, ಕೆಟ್ಟದ್ದು ನಿನ್ನ ಕಾಲ್ಗುಣ.

ಈಗ ಕೇಳು. ಜೀನು ಕಟ್ಟುವಾಗ ಕುದುರೆ ಹೊಟ್ಟೆ ಉಬ್ಬಿಸಿ ನಿಲ್ಲುತ್ತದೆ. ಬಿಗಿಯಾಯಿತು ಅಂದುಕೊಳ್ಳುತ್ತೇವೆ. ಹತ್ತು ಹೆಜ್ಜೆ ನಡೆದು ಉಸಿರು ಬಿಟ್ಟಿತೋ, ಹೊಟ್ಟೆಪಟ್ಟಿ ಸಡಿಲ. ಆಗ ಇನ್ನೆರಡು ತೂತು ಎಳೆದು ಕೊಂಡಿ ಹಾಕಬೇಕು. ಅವತ್ತು ಕಲ್ಲಯ್ಯನವರು ಜೀನು ಕಟ್ಟಿ ಲಗಾಮು ನನ್ನ ಕೈಗೆ ಕೊಟ್ಟರು. ಮದುಮಗನ ಕುದುರೆ ಹಿಡಿದು ಚಪ್ಪರಕ್ಕೆ ತರುವುದು ಹೆಣ್ಣಿನ ಅಣ್ಣನ ಮಾನ. ಹತ್ತು ಹೆಜ್ಜಿ ಆದಮ್ಯಾಲೆ ಎರಡು ತೂತು ಎಳೀರಿ, ಆಮ್ಯಾಲೆ ಏರಿಸ್ರಿ ಅಂತ ಎರಡು ಸಲ ಹೇಳಿದ್ದರು. ಬಾಜಾ ಬಜಂತ್ರಿಯ ಗದ್ದಲದಲ್ಲಿ ಮರೆತೆ, ದೇವಕ್ಕ. ಕಟ್ಟೆಯ ಮೇಲಿಂದ ಅಂದಾನಪ್ಪನವರನ್ನು ಕೂರಿಸಿಬಿಟ್ಟೆವು. ಓಣಿಯ ತಿರುವಿನಲ್ಲಿ ಜೀನು ಹೊಟ್ಟೆಯ ಕೆಳಗೆ ಹೋಯಿತು. ಅವರ ಕಾಲು ಜೀನಿನ ರಿಕಾಬಿನ ಬಳೆಯಲ್ಲಿ ಸಿಕ್ಕಿತ್ತು, ಗಂಗಿ ಬೆದರಿ ಎಳೆಯಿತು. ಮುಹೂರ್ತ ಮೀರಬಾರದು ಅಂತ ಅವರನ್ನು ಹೊರಸಿನ ಮೇಲೆ ಮಲಗಿಸಿಯೇ ನಿನಗೆ ತಾಳಿ ಕಟ್ಟಿಸಿದ್ದು ನೀನೇ ಕಂಡಿದ್ದೀ.

ಇಷ್ಟೇ. ಒಂದು ಮರೆವು. ಇದನ್ನು ಓದಿ ಒಲೆಗೆ ಹಾಕು. ನಾಲ್ಕು ಜನರ ಮುಂದೆ ನಿಂತು ಪಾಠ ಹೇಳುವವನು ನಾನು. ಭಾನುವಾರ ನೀನೂ ಮಗಳೂ ಸುಮ್ಮನೆ ಇಲ್ಲಿಗೆ ಬಂದುಬಿಡಿ. ಅವಳನ್ನು ಗಂಗಿಯ ಮೇಲೆ ಕೂರಿಸುತ್ತೇನೆ. ಮದುವೆ ಕಳೆದ ಮೇಲೆ ಅನ್ನಪೂರ್ಣವ್ವನ ಸಿಟ್ಟೂ ಇಳಿದೀತು.

ಇಂತಿ ನಿನ್ನ ಅಣ್ಣ,
ವೀರಪ್ಪ

ತಾ. ಕ. — ೭ನೇ ತಾರೀಖು. ಪಾಕೀಟು ಅಂಟಿಸಿರಲಿಲ್ಲ. ಬೆಳಿಗ್ಗೆ ಗಂಗಿಯ ಮೈ ತಿಕ್ಕಲು ಹೋದಾಗ ನಿನ್ನ ಪತ್ರವನ್ನು ಕಲ್ಲಯ್ಯನವರಿಗೆ ಓದಿ ಹೇಳಿದೆ. ನೀನು ಹಿತ್ತಲಿನಲ್ಲಿ ನಿಲ್ಲುವ ಸಂಗತಿ ಬಂದಾಗ ಗಂಗಿಯ ಮೈ ತಿಕ್ಕುತ್ತಿದ್ದ ಅವರ ಕೈ ನಿಂತಿತು. ಗೂಟದಿಂದ ಹೊಟ್ಟೆಪಟ್ಟಿ ತಂದು ನನ್ನ ಮುಂದೆ ಹಿಡಿದರು. ನಾ ಕೊಂಡಿ ಹಾಕಿದ್ದು ಐದನೇ ತೂತಿಗೆ ಮಾಸ್ತರ, ಬಿದ್ದಮ್ಯಾಲೆ ಬಿಚ್ಚಿದವನೂ ನಾನೇ, ಆಗ ಅದು ಮೂರನೇದಕ್ಕಿತ್ತು ಅಂದರು.

ನಾನು ಮರೆತಿರಲಿಲ್ಲ, ದೇವಕ್ಕ. ಎರಡು ತೂತು ಬಿಗಿಯುವ ಬದಲು ಎರಡು ತೂತು ಸಡಿಲಿಸಿದ್ದೆ. ಬೀಗರನ್ನು ಗೋಳುಹೊಯ್ದುಕೊಳ್ಳುವುದು ಹೆಣ್ಣಿನ ಕಡೆಯವರ ಹಕ್ಕು. ಮದುಮಗ ಒಂಚೂರು ವಾಲಲಿ, ರುಮಾಲು ಜಾರಲಿ, ಗೆಳೆಯರು ನಗಲಿ ಅಂತ. ಗೆಳೆಯರು ನಕ್ಕರು ಕೂಡ, ಮೊದಲ ಕ್ಷಣ.

ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಅಂತ ಕೇಳಿದೆ. ತಾಳಿ ಕಟ್ಟೂ ಮೊದಲ ಹೆಣ್ಣಿನ ಅಣ್ಣನ ಹೆಸರು ಹೇಳಿದ್ದರ ಆ ಹುಡುಗಿ ಮದುವಿ ಅಲ್ಲೇ ಮುರೀತಿತ್ತು, ಆಮ್ಯಾಲೆ ನೀವಽ ಹೇಳ್ತೀರಿ ಅಂತ ಕಾದೆ ಅಂದರು. ಮತ್ತೆ ಗಂಗಿಯ ಮೈ ತಿಕ್ಕತೊಡಗಿದರು.

ಒಲೆಗೆ ಹಾಕಬೇಡ. ಇದನ್ನು ಅಂದಾನಪ್ಪನವರ ಕೈಗೆ ಕೊಡು, ಅನ್ನಪೂರ್ಣವ್ವನ ಮುಂದೆ ಗಟ್ಟಿಯಾಗಿ ಓದಲಿ. ಶನಿವಾರ ನಾನೇ ಬರುತ್ತೇನೆ. ನಾನು ಬಂದಾಗ ನೀನು ಮುಂಬಾಗಿಲಲ್ಲಿ ನಿಂತಿರು. ಹಿತ್ತಲು ತೋರಿಸುವುದಿದ್ದರೆ ನನಗೆ ತೋರಿಸಲಿ.